ಒಂದೇ ಬಿಸಿಲು, ಐದು ಬಗೆಯ ಕಲೆ: ಸೈಕಲ್ ಸವಾರನೊಬ್ಬನ ಚರ್ಮದ ಪ್ರಕರಣ

ಸವಾರನಿಗೆ 34 ವರ್ಷ, ಕಂದು ಮೈಬಣ್ಣ. ಬಿಸಿಲಿಗೆ ಬೇಗ ಕಪ್ಪಾಗುವ, ಅಪರೂಪಕ್ಕೆ ಮಾತ್ರ ಸುಡುವ ಚರ್ಮ. ಆ ಧೈರ್ಯದ ಮೇಲೆಯೇ ವರ್ಷಗಟ್ಟಲೆ ಸೈಕಲ್ ತುಳಿದವನು. ಬೇಸಿಗೆಯ ಒಂದು ದಿನ 110 ಕಿಲೋಮೀಟರ್ ಸವಾರಿ. ಬೆಳಿಗ್ಗೆ 8:30ಕ್ಕೆ ಹೊರಟು, ನಡುವೆ ಎರಡು ಕಡೆ ನಿಂತು, ಮಧ್ಯಾಹ್ನ 2:30ಕ್ಕೆ ವಾಪಸ್. ಆಕಾಶ ನಿಚ್ಚಳ. ಸೂರ್ಯ ನೆತ್ತಿಯ ಮೇಲೆ ಬಂದಾಗ ಯುವಿ (ಅತಿನೇರಳೆ ಕಿರಣ) ಸೂಚ್ಯಂಕ 11. ಮೈಮೇಲೆ ಅರ್ಧ ತೋಳಿನ ಜರ್ಸಿ, ಅದರ ಬೆನ್ನಿಗೆ ಗಾಳಿಯಾಡಲೆಂದು ಜಾಲರಿ ಬಟ್ಟೆ. ಮಂಡಿಯ ಮೇಲೆ ನಿಲ್ಲುವ ಸೈಕ್ಲಿಂಗ್ ಚಡ್ಡಿ, ಅರ್ಧ ಬೆರಳಿನ ಗ್ಲೌಸ್, ಕಿಂಡಿಗಳುಳ್ಳ ಹೆಲ್ಮೆಟ್. ಹೊರಡುವ ಮುನ್ನ ಎಸ್‌ಪಿಎಫ್ 50ರ ಸನ್‌ಸ್ಕ್ರೀನ್ ಹಚ್ಚಿಕೊಂಡಿದ್ದ (50 ಎಂದರೆ ಸುಡುವ ಕಿರಣದ ಐವತ್ತರಲ್ಲಿ ಒಂದು ಪಾಲನ್ನು ಮಾತ್ರ ಒಳಗೆ ಬಿಡುವಂಥದ್ದು).

ಆದರೂ ಸುಟ್ಟುಕೊಂಡ. ಮೂರು ದಿನಗಳಲ್ಲಿ ಅವನ ಮೈಮೇಲೆ ಐದು ಬಗೆಯ ಗುರುತು ಎದ್ದವು, ಒಂದೊಂದಕ್ಕೂ ಕಾರಣ ಬೇರೆ. ದೂರದ ಸವಾರಿ ಮಾಡುವ ಹಲವರಲ್ಲಿ ಬಿಡಿಬಿಡಿಯಾಗಿ ಕಾಣುವುದನ್ನು ಇಲ್ಲಿ ಒಬ್ಬನ ಮೇಲೆ ಜೋಡಿಸಿ ನೋಡಲಾಗಿದೆ. ಒಬ್ಬನಿಗೇ ಐದೂ ಬರುವುದು ಅಪರೂಪ, ಎರಡು ಮೂರು ಬರುವುದು ಮಾಮೂಲು.

ಯಾವುದು ಯಾವಾಗ ಕಾಣಿಸಿತು

ಇಂಥ ಪ್ರಕರಣದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, ಕಲೆ ಎಷ್ಟು ಹೊತ್ತಿಗೆ ಎದ್ದಿತು ಎಂಬುದು. ಎಲ್ಲಿ ಎದ್ದಿತು ಎಂಬುದು ಎರಡನೆಯದು.

ಮನೆ ತಲುಪಿದಾಗ ಸವಾರನಿಗೆ ಏನೂ ಅನ್ನಿಸಿರಲಿಲ್ಲ. ಸಂಜೆ ಆರರ ಹೊತ್ತಿಗೆ ಮುಂಗೈ ಮೇಲ್ಭಾಗ ಮತ್ತು ಮಂಡಿಯ ಮೇಲಿನ ತೊಡೆ ಬಿಸಿಯಾಗತೊಡಗಿದವು. ಸ್ನಾನದ ನೀರು ಬಿದ್ದಾಗ ಚುರ್ ಎಂದಿತು. ಮರುದಿನ ಬೆಳಿಗ್ಗೆ ಅದು ಜೋರಾಗಿತ್ತು. ಇದು ಸಾಮಾನ್ಯ ಬಿಸಿಲುಸುಡುವಿಕೆಯ ಗಡಿಯಾರ: ಬಿಸಿಲಿಗೆ ಬಿದ್ದ ಕೆಲವು ಗಂಟೆಗಳ ನಂತರ ಶುರು, 12ರಿಂದ 24 ಗಂಟೆಯೊಳಗೆ ತಾರಕಕ್ಕೆ. ಕಂದು ಚರ್ಮದಲ್ಲಿ ಕೆಂಪು ಎದ್ದು ಕಾಣುವುದಿಲ್ಲ, ಬಣ್ಣ ಗಾಢವಾಗಿ ಕೆಲವೊಮ್ಮೆ ನೇರಳೆ ಛಾಯೆ ಬರುತ್ತದೆ. ಹಾಗಾಗಿ ಕಣ್ಣಿಗಿಂತ ಕೈಯನ್ನು ನಂಬಬೇಕು: ಅಂಗೈ ಹಿಂಬದಿಯನ್ನು ಅಲ್ಲಿಗೆ ತಾಗಿಸಿದಾಗ ಸುತ್ತಲಿನ ಚರ್ಮಕ್ಕಿಂತ ಬಿಸಿ ಇದ್ದು, ಮುಟ್ಟಿದರೆ ನೋವಾದರೆ ಅದು ಸುಟ್ಟಿದೆ. ‘ಕೆಂಪಾಗಿಲ್ಲ, ಹಾಗಾಗಿ ಸುಟ್ಟಿಲ್ಲ’ ಎಂದುಕೊಂಡು ಮರುದಿನ ಮತ್ತೆ ಬಿಸಿಲಿಗೆ ಇಳಿಯುವವರು ಕಡಿಮೆಯಿಲ್ಲ.

ಎರಡನೆಯದು ಸೊಂಟದ ಹಿಂದೆ ಮೂರು ಸೆಂಟಿಮೀಟರ್ ಅಗಲದ ಪಟ್ಟಿ, ಜೊತೆಗೆ ಬೆನ್ನ ಮೇಲ್ಭಾಗದಲ್ಲಿ ಜಾಲರಿ ಬಟ್ಟೆಯ ಆಕಾರಕ್ಕೆ ಸರಿಯಾಗಿ ಹೊಂದುವ ಮಸುಕಾದ ಸುಟ್ಟ ಭಾಗ, ಎರಡೂ ಕೈಗಳ ಮೇಲೆ ಅರ್ಧಚಂದ್ರ. ಮೂರನೆಯದು ಮೂಗು ಮತ್ತು ಹಣೆ. ನಾಲ್ಕನೆಯದು ಎಡ ಮಂಡಿಯ ಮೇಲೆ ಮಾತ್ರ: ಎರಡನೆಯ ದಿನ ತುರಿಕೆಯಿಂದ ಶುರುವಾಗಿ, ಸಣ್ಣ ನೀರ್ಗುಳ್ಳೆಗಳು ಎದ್ದು, ಮೂರನೆಯ ದಿನ ಅಂಚು ದಾಟಿ ಹರಡಿತು. ಐದನೆಯದು ಬಲಗೈ ಹಿಂಬದಿಯಲ್ಲಿ, ಮೇಲಿಂದ ನೀರು ಹರಿದಂತೆ ಎರಡು ಗೆರೆ. ಅದೂ ಎರಡನೆಯ ದಿನವೇ ಗುಳ್ಳೆಯಾಗಿ ಎದ್ದದ್ದು.

ತುರಿಕೆ ಮತ್ತು ಗೆರೆ, ಇವೆರಡನ್ನು ಕಂಡಕೂಡಲೇ ‘ಬಿಸಿಲಿಗೆ ಹೀಗಾಗಿದೆ’ ಎಂದು ಷರಾ ಬರೆದು ಮುಗಿಸಬಾರದು.

ಟ್ಯೂಬನ್ನು ತಕ್ಕಡಿಗೆ ಹಾಕಿದಾಗ

ಎಸ್‌ಪಿಎಫ್ 50 ಹಚ್ಚಿಯೂ ತೋಳು ಯಾಕೆ ಸುಟ್ಟಿತು? ಕ್ರೀಮ್ ನಕಲಿ ಇರಬೇಕು ಎಂಬ ಅನುಮಾನ ಎಲ್ಲರಿಗೂ ಮೊದಲು ಬರುತ್ತದೆ. ಬಹುಪಾಲು ಸಲ ತಪ್ಪು ಇರುವುದು ಹಚ್ಚಿದ ಪ್ರಮಾಣದಲ್ಲಿ.

ಮೊದಲು ಬಿಸಿಲಿನ ಲೆಕ್ಕ. ಯುವಿ ಸೂಚ್ಯಂಕ 1 ಇರುವಲ್ಲಿ ಒಂದು ಗಂಟೆ ಕಳೆದರೆ, ಚರ್ಮ ಸುಡಬಲ್ಲ ಕಿರಣ ಚದರ ಮೀಟರಿಗೆ 90 ಜೂಲ್ ಬೀಳುತ್ತದೆ. 8:30ರಿಂದ 2:30ರ ಆರು ಗಂಟೆಗಳಲ್ಲಿ ಸರಾಸರಿ ಸೂಚ್ಯಂಕ ಕ್ರಮವಾಗಿ 5, 8, 10, 11, 10, 8 ಎಂದಿಟ್ಟುಕೊಂಡರೆ ಒಟ್ಟು 52. ಅದನ್ನು 90ರಿಂದ ಗುಣಿಸಿದರೆ ಸುಮಾರು 4,700 ಜೂಲ್. ಈ ಸವಾರನಂಥ ಕಂದು ಚರ್ಮ ಸುಡಲು 450 ಜೂಲಿನಷ್ಟು ಸಾಕು (ವ್ಯಕ್ತಿಯಿಂದ ವ್ಯಕ್ತಿಗೆ ಇದು ಸಾಕಷ್ಟು ಹಿಂದೆಮುಂದೆ ಆಗುತ್ತದೆ). ಅಂದರೆ ಬರಿಮೈಯಲ್ಲಿ ಹೋಗಿದ್ದರೆ, ಸುಡಲು ಬೇಕಾದುದಕ್ಕಿಂತ ಹತ್ತುಪಟ್ಟು. ಎಸ್‌ಪಿಎಫ್ 50 ನಿಜಕ್ಕೂ 50ರಂತೆ ಕೆಲಸ ಮಾಡಿದ್ದರೆ ಚರ್ಮಕ್ಕೆ ತಲುಪುತ್ತಿದ್ದದ್ದು ನೂರಕ್ಕೂ ಕಡಿಮೆ ಜೂಲ್, ಏನೂ ಆಗಬಾರದಿತ್ತು.

ಈಗ ಕ್ರೀಮಿನ ಲೆಕ್ಕ. ಟ್ಯೂಬಿನ ಮೇಲಿನ ಎಸ್‌ಪಿಎಫ್ ಅಂಕಿಯನ್ನು ಪ್ರಯೋಗಾಲಯದಲ್ಲಿ ಅಳೆಯುವಾಗ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿರುತ್ತಾರೆ. ವಯಸ್ಕರ ಮೈಚರ್ಮ ಸುಮಾರು 1.8 ಚದರ ಮೀಟರ್. ಒಂದು ಇಡೀ ತೋಳು, ಕೈಯೂ ಸೇರಿ, ಅದರ ಶೇ 9ರಷ್ಟು, ಅಂದರೆ 1,600 ಚದರ ಸೆಂಟಿಮೀಟರ್. ಜರ್ಸಿ ಮೂರನೆಯ ಒಂದು ಭಾಗ ಮುಚ್ಚಿದರೂ ಉಳಿಯುವುದು 1,100. ಅದಕ್ಕೆ 2.2 ಗ್ರಾಂ ಬೇಕು, ಎರಡು ತೋಳಿಗೆ 4.4. ಕಾಲಿನಲ್ಲಿ ಚಡ್ಡಿ, ಕಾಲುಚೀಲ, ಬೂಟು ಬಿಟ್ಟರೆ ಒಂದೊಂದಕ್ಕೆ 1,700 ಚದರ ಸೆಂಟಿಮೀಟರ್, ಎರಡಕ್ಕೂ ಸೇರಿ 6.8 ಗ್ರಾಂ. ಮುಖ, ಕಿವಿ, ಕತ್ತಿಗೆ 1.6. ಎಲ್ಲ ಕೂಡಿದರೆ 13 ಗ್ರಾಂ ಹತ್ತಿರ, ಅದೂ ಒಂದು ಸಲಕ್ಕೆ.

ಸವಾರನ ಟ್ಯೂಬ್ 50 ಗ್ರಾಂನದು. ವಾರಕ್ಕೊಂದು ಸವಾರಿಯ ಲೆಕ್ಕದಲ್ಲಿ ನಾಲ್ಕು ತಿಂಗಳು ಬಂದಿತ್ತು. 16 ಸವಾರಿಗೆ ಭಾಗಿಸಿದರೆ ಸಲಕ್ಕೆ 3 ಗ್ರಾಂ! ಬೇಕಾದುದರ ಕಾಲು ಭಾಗವೂ ಇಲ್ಲ. ಪದರ ಕಾಲು ಭಾಗಕ್ಕೆ ಇಳಿದರೆ ರಕ್ಷಣೆಯೂ ಕಾಲು ಭಾಗಕ್ಕೆ ಇಳಿಯುತ್ತದೆ ಎಂದು ಉದಾರವಾಗಿ ಹಿಡಿದರೂ 50 ಎಂದು ಬರೆದದ್ದು 12 ಆಯಿತು. 4,700ನ್ನು 12ರಿಂದ ಭಾಗಿಸಿದರೆ 390, ಸುಡುವ ಗೆರೆಯ ಅಂಚಿನಲ್ಲೇ. ಅದೂ ಬೆಳಿಗ್ಗೆ ಹಚ್ಚಿದ್ದು ಕೊನೆಯವರೆಗೂ ಹಾಗೇ ಉಳಿದಿದ್ದರೆ. 10:30ರ ನಂತರದ ಬಿಸಿಲಿನ ಪಾಲೇ 3,500 ಜೂಲ್. ಅಷ್ಟು ಹೊತ್ತಿಗೆ ಬೆವರು, ಉಜ್ಜಾಟದಲ್ಲಿ ಪದರ ಅರ್ಧ ಹೋಗಿದ್ದರೆ ಆ ಪಾಲಿನಿಂದಲೇ 585 ಜೂಲ್ ಒಳಗೆ ಇಳಿದಿರುತ್ತದೆ. ತೋಳು ಸುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ, ಇನ್ನೂ ಹೆಚ್ಚು ಸುಡದೆ ಇದ್ದದ್ದೇ ಪುಣ್ಯ.

ನಿಮ್ಮ ಟ್ಯೂಬಿನ ವಿಷಯ ತಿಳಿಯಬೇಕಾದರೆ ಹಚ್ಚುವ ಮೊದಲೊಮ್ಮೆ, ಹಚ್ಚಿದ ಮೇಲೊಮ್ಮೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಇಟ್ಟು ನೋಡಿ. ಇಷ್ಟು ಸುಲಭದ ಪರೀಕ್ಷೆ ಇನ್ನೊಂದಿಲ್ಲ, ಮಾಡುವವರೂ ಇಲ್ಲ.

‘ವಾಟರ್ ರೆಸಿಸ್ಟೆಂಟ್ 80 ನಿಮಿಷ’ ಎಂಬ ಬರಹದ ಬಗ್ಗೆಯೂ ಒಂದು ಮಾತು. ಅದು ನೀರಿನಲ್ಲಿ ಮುಳುಗಿಸಿ ಮಾಡಿದ ಪರೀಕ್ಷೆಯ ಫಲ. ಅಲ್ಲಿ ಯಾರೂ ಗ್ಲೌಸಿನಿಂದ ಮೂಗು ಒರೆಸಿಕೊಳ್ಳುವುದಿಲ್ಲ.

ಸೈಕಲ್ಲಿನ ಮೇಲಿರುವವರಿಗೆ ಮೋಸ ಮಾಡುವ ಇನ್ನೊಂದು ಸಂಗತಿ ಗಾಳಿ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಹೋಗುವಾಗ ಎದುರುಗಾಳಿ ಬೆವರನ್ನು ಆರಿಸಿ ಚರ್ಮವನ್ನು ತಂಪಾಗಿಡುತ್ತದೆ. ಸುಡುವುದು ಅತಿನೇರಳೆ ಕಿರಣ, ಅದಕ್ಕೆ ಶಾಖವಿಲ್ಲ. ನಿಂತಲ್ಲಿ ನಿಂತವನಿಗೆ ‘ಬಿಸಿಲು ಚುರುಗುಡುತ್ತಿದೆ, ನೆರಳಿಗೆ ಹೋಗೋಣ’ ಅನ್ನಿಸುವ ಎಚ್ಚರಿಕೆ ಸವಾರನಿಗೆ ಸಿಗುವುದೇ ಇಲ್ಲ. ಎತ್ತರದ ದಾರಿಯಾದರೆ ಇನ್ನೂ ಮೋಸ: ಪ್ರತಿ ಸಾವಿರ ಮೀಟರ್ ಏರಿದಂತೆ ಯುವಿ ಶೇ 10ರಷ್ಟು ಹೆಚ್ಚುತ್ತದೆ, ಗಾಳಿ ಮಾತ್ರ ತಂಪಾಗುತ್ತಾ ಹೋಗುತ್ತದೆ.

ಹಣೆಯಿಂದ ಕಣ್ಣಿಗೆ

ಮೂಗು, ಹಣೆ ಸುಟ್ಟಿದ್ದಕ್ಕೆ ಕಾರಣ ಬೇರೆ. ಸವಾರ ಹಣೆಗೆ ಕ್ರೀಮ್ ಚೆನ್ನಾಗಿಯೇ ಬಳಿದಿದ್ದ. ಒಂದು ಗಂಟೆ ಕಳೆಯುವಷ್ಟರಲ್ಲಿ ಬೆವರು ಅದನ್ನು ಹೊತ್ತುಕೊಂಡು ಹುಬ್ಬು ದಾಟಿ ಕಣ್ಣಿಗೆ ಇಳಿಯಿತು. ಅವೊಬೆನ್ಜೋನಿನಂಥ, ಯುವಿ ಹೀರುವ ಸನ್‌ಸ್ಕ್ರೀನ್ ರಾಸಾಯನಿಕಗಳು ಕಣ್ಣಿಗೆ ಬಿದ್ದರೆ ಉರಿ ತಡೆಯಲಾಗದು. ಗ್ಲೌಸಿನ ಹೆಬ್ಬೆರಳ ಬದಿಯಲ್ಲಿ ಬೆವರೊರೆಸಲೆಂದೇ ಹೊಲಿದ ಟವೆಲ್ ಬಟ್ಟೆ ಇರುತ್ತದಲ್ಲ, ಅದರಿಂದ ಹಣೆ ಒರೆಸಿದ. ಮತ್ತೆ ಒರೆಸಿದ. ಆರು ಗಂಟೆಯಲ್ಲಿ ನೂರು ಸಲ ಒರೆಸಿರಬಹುದು. ಅದೇ ಬಟ್ಟೆ ಮೂಗಿಗೂ. ಕ್ರೀಮ್ ಹೆಚ್ಚು ಹಚ್ಚಿದ್ದರೆ ಉರಿ ಹೆಚ್ಚುತ್ತಿತ್ತು, ಒರೆಸುವುದೂ ಹೆಚ್ಚುತ್ತಿತ್ತು. ಈ ಒಂದು ಜಾಗದಲ್ಲಿ ‘ಇನ್ನಷ್ಟು ಹಚ್ಚಿ’ ಎಂಬ ಸಲಹೆ ಉಲ್ಟಾ ಹೊಡೆಯುತ್ತದೆ.

ಇಲ್ಲಿ ಹಣೆಗೆ ಬಟ್ಟೆಯೇ ಸರಿ. ಹೆಲ್ಮೆಟ್ ಒಳಗೆ ತೆಳು ಅಂಚುಟೋಪಿ ಹಾಕಿದರೆ ಹಣೆಗೆ ನೆರಳು, ಬೆವರಿಗೆ ತಡೆ, ಹೆಲ್ಮೆಟ್ ಕಿಂಡಿಗಳಿಂದ ಬೋಳುತಲೆಯ ಮೇಲೆ ಬೀಳುವ ಪಟ್ಟೆಗಳಿಗೂ ಪರಿಹಾರ. ಹುಬ್ಬಿನ ಮೇಲೆ ಕ್ರೀಮ್ ಬೇಡ. ಮೂಗು, ಕೆನ್ನೆಮೂಳೆ, ಕಿವಿಯ ಮೇಲಂಚಿಗೆ ಜಿಂಕ್ ಆಕ್ಸೈಡ್ ಇರುವ ಗಟ್ಟಿ ಸ್ಟಿಕ್ ಹಚ್ಚಬೇಕು. ಮೇಣದಂತಿರುವುದರಿಂದ ಅದು ಹರಿಯುವುದು ಕಡಿಮೆ, ಹರಿದರೂ ಕಣ್ಣು ಉರಿಯುವುದು ಕಡಿಮೆ. ಸ್ಟಿಕ್ಕನ್ನು ಒಮ್ಮೆ ಎಳೆದರೆ ಸಾಲದು. ಒಂದೇ ಜಾಗದ ಮೇಲೆ ನಾಲ್ಕು ಸಲ ಹಿಂದಕ್ಕೆ ಮುಂದಕ್ಕೆ ಎಳೆದು ಬೆರಳಿನಿಂದ ಸಮ ಮಾಡಬೇಕು. ಬಂಗು ಬರುವ, ಅಥವಾ ಕಲೆ ಬೇಗ ಕಪ್ಪುಗಟ್ಟುವ ಚರ್ಮವಿದ್ದರೆ ಮುಖಕ್ಕೆ ಬಣ್ಣವಿರುವ ಸನ್‌ಸ್ಕ್ರೀನ್ ಮೇಲು: ಅದರಲ್ಲಿನ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ, ಬಣ್ಣವಿಲ್ಲದ್ದು ಆ ಕೆಲಸ ಮಾಡುವುದಿಲ್ಲ.

ಅಂಚುಗಳು

ಸೊಂಟದ ಪಟ್ಟಿಯನ್ನು ಸವಾರ ಕನ್ನಡಿಯಲ್ಲಿ ನೋಡಿಕೊಂಡೇ ನಂಬಿದ್ದು. ಕನ್ನಡಿಯ ಮುಂದೆ ನೇರ ನಿಂತಾಗ ಜರ್ಸಿ ಚಡ್ಡಿಯ ಮೇಲೆ ಕುಳಿತಿರುತ್ತದೆ. ಹ್ಯಾಂಡಲ್ ಹಿಡಿದು ಬಗ್ಗಿದಾಗ ಮೇಲಕ್ಕೆ ಜಗ್ಗುತ್ತದೆ, ಹಿಂಬದಿ ಜೇಬುಗಳು ಖಾಲಿಯಿದ್ದರೆ ಇನ್ನೂ ಮೇಲಕ್ಕೆ. ಆ ಜಾಗಕ್ಕೆ ಕ್ರೀಮ್ ಹಚ್ಚುವ ಯೋಚನೆ ಯಾರಿಗೂ ಬರುವುದಿಲ್ಲ, ಯಾಕೆಂದರೆ ಮನೆಯಲ್ಲಿ ಅದು ಕಾಣುವುದೇ ಇಲ್ಲ. ಮನೆಯಲ್ಲೇ ಸೈಕಲ್ ಏರಿ, ಗೋಡೆಗೆ ಒರಗಿ, ತುಳಿಯುವ ಭಂಗಿಯಲ್ಲಿ ಕುಳಿತು ಇನ್ನೊಬ್ಬರಿಂದ ಫೋಟೋ ತೆಗೆಸಿಕೊಳ್ಳುವುದು ಒಳ್ಳೆಯದು. ಸೊಂಟ, ಹಿಂಗತ್ತಿನಲ್ಲಿ ಕಾಲರ್ ಬಿಟ್ಟ ಜಾಗ, ಮಣಿಕಟ್ಟಿನ ಸಂದು, ಮೀನಖಂಡದ ಹಿಂಬದಿ ಎಲ್ಲ ಒಂದೇ ಚಿತ್ರದಲ್ಲಿ ಸಿಗುತ್ತವೆ.

ಕೈಮೇಲಿನ ಅರ್ಧಚಂದ್ರಕ್ಕೆ ಗ್ಲೌಸೇ ಕಾರಣ. ವೆಲ್ಕ್ರೋ ಪಟ್ಟಿಯ ಮುಂದೆ, ಹಿಂಗೈ ನಡುವೆ, ಕೈ ಹಾಕಿ ತೆಗೆಯಲು ಸಲೀಸಾಗಲೆಂದು ಬಿಟ್ಟ ಕಿಂಡಿಯ ಆಕಾರ ಅದು. ಸವಾರ ಗ್ಲೌಸ್ ಹಾಕಿಕೊಂಡ ಮೇಲೆ ತೋಳಿಗೆ ಕ್ರೀಮ್ ಹಚ್ಚಿದ್ದ. ಕಿಂಡಿಯೊಳಗಿನ ಚರ್ಮಕ್ಕೆ ಏನೂ ತಾಗಿರಲಿಲ್ಲ. ಹ್ಯಾಂಡಲ್ ಮೇಲಿಟ್ಟ ಕೈಯ ಹಿಂಬದಿ ಆಕಾಶಕ್ಕೆ ಮುಖ ಮಾಡಿ ಮಲಗಿರುತ್ತದೆ. ಆರು ಗಂಟೆಯೂ ಪೂರ್ತಿ ಬಿಸಿಲು ಬೀಳುವ ಜಾಗ ಮೈಮೇಲೆ ಯಾವುದೆಂದು ಕೇಳಿದರೆ ಇದೇ ಮೊದಲನೆಯದು.

ಬೆನ್ನ ಜಾಲರಿಯ ಕತೆ ಬಟ್ಟೆಯದು. ಬಟ್ಟೆಯ ರಕ್ಷಣೆಗೆ ಯುಪಿಎಫ್ ಎಂಬ ಅಳತೆ ಇದೆ. ಯುಪಿಎಫ್ 50 ಎಂದರೆ ಯುವಿಯ ಐವತ್ತರಲ್ಲಿ ಒಂದು ಪಾಲು ಮಾತ್ರ ಒಳಗೆ ಬರುತ್ತದೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ 1996ರಲ್ಲಿ ಇದಕ್ಕೆ ಮಾನಕ ತಂದವು. ಅಲ್ಲಿ ಬಟ್ಟೆಯನ್ನು ಒಣಗಿದಾಗ, ಎಳೆಯದೆ ಅಳೆಯುತ್ತಾರೆ. ಸೈಕಲ್ ಮೇಲೆ ಅದೇ ಬಟ್ಟೆ ಬೆವರಲ್ಲಿ ನೆಂದು, ಮೈಗೆ ಬಿಗಿದು ಹಿಗ್ಗಿರುತ್ತದೆ. ಹಿಗ್ಗಿದರೆ ನೂಲುಗಳ ನಡುವಿನ ಕಿಂಡಿ ಅಗಲವಾಗುತ್ತದೆ. ಬಿಳಿ ಹತ್ತಿಯ ತೆಳು ಟೀಶರ್ಟು ಒಣಗಿದ್ದಾಗಲೇ ಯುಪಿಎಫ್ ಹತ್ತನ್ನು ಮುಟ್ಟುವುದು ಕಷ್ಟ, ನೆಂದರೆ ಇನ್ನೂ ಕೆಳಕ್ಕೆ ಬೀಳುತ್ತದೆ. ಪಾಲಿಯೆಸ್ಟರ್ ನೂಲು ತಾನೇ ಒಂದಷ್ಟು ಯುವಿ ಹೀರುತ್ತದೆ, ಹಾಗಾಗಿ ಒತ್ತಾಗಿ ನೇಯ್ದ ಪಾಲಿಯೆಸ್ಟರ್ ವಾಸಿ. ಜಾಲರಿಯಾದರೆ ಯಾವ ನೂಲಾದರೇನು, ಕಿಂಡಿ ಕಿಂಡಿಯೇ. ಕೈಯನ್ನು ಬಟ್ಟೆಯೊಳಗೆ ಇಟ್ಟು, ಹಾಕಿಕೊಂಡಾಗ ಹಿಗ್ಗುವಷ್ಟೇ ಹಿಗ್ಗಿಸಿ, ದೀಪಕ್ಕೆ ಹಿಡಿದು ನೋಡಿ. ಚರ್ಮದ ಬಣ್ಣ ಸ್ಪಷ್ಟವಾಗಿ ಕಂಡರೆ ಆ ಜಾಗಕ್ಕೂ ಕ್ರೀಮ್ ಬೇಕು. ಇದು ಒರಟು ಪರೀಕ್ಷೆ. ಪಾಸಾದ ಬಟ್ಟೆಯೆಲ್ಲ ಒಳ್ಳೆಯದು ಎಂದಲ್ಲ, ಫೇಲಾದದ್ದು ಮಾತ್ರ ಖಂಡಿತ ಕೆಟ್ಟದ್ದು.

ಬಿಸಿಲೊಂದನ್ನೇ ದೂರುವಂತಿಲ್ಲದ ಎರಡು ಕಲೆ

ಎಡ ಮಂಡಿ. ಹಿಂದಿನ ವಾರವೆಲ್ಲ ಸವಾರ ಅಲ್ಲಿಗೆ ನೋವಿನ ಜೆಲ್ ಹಚ್ಚುತ್ತಿದ್ದ, ಕೀಟೊಪ್ರೊಫೆನ್ ಇರುವಂಥದ್ದು. ಚರ್ಮದೊಳಗೆ ಇಳಿದ ಈ ಔಷಧಕ್ಕೆ ಬಿಸಿಲು ತಾಗಿದಾಗ ಕೆಲವರಲ್ಲಿ ಅಲರ್ಜಿ ಏಳುತ್ತದೆ. ಸುಟ್ಟ ಚರ್ಮ ನೋಯುತ್ತದೆ, ಇದು ತುರಿಸುತ್ತದೆ. ಸುಟ್ಟದ್ದು ಬಿಸಿಲು ಬಿದ್ದಷ್ಟೇ ಜಾಗದಲ್ಲಿ ನಿಲ್ಲುತ್ತದೆ, ಇದು ಜೆಲ್ ಹಚ್ಚಿದ ಜಾಗದಿಂದ ಶುರುವಾಗಿ ಆಚೆಗೂ ಹರಡುತ್ತದೆ. ಬಲ ಮಂಡಿಗೂ ಅಷ್ಟೇ ಬಿಸಿಲು ಬಿದ್ದಿತ್ತು, ಅಲ್ಲಿ ಏನೂ ಇಲ್ಲ. ಅಷ್ಟು ಸುಳಿವು ಸಾಕು. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2010ರಲ್ಲಿ ಈ ಜೆಲ್‌ಗಳನ್ನು ಮರುಪರಿಶೀಲಿಸಿತ್ತು. ಹಚ್ಚುವಷ್ಟು ದಿನವೂ, ನಿಲ್ಲಿಸಿದ ಮೇಲೆ ಎರಡು ವಾರವೂ ಆ ಜಾಗವನ್ನು ಬಿಸಿಲಿನಿಂದ ಮುಚ್ಚಿಡಬೇಕು ಎಂಬುದು ಜೆಲ್ ಜೊತೆಗೆ ಬರುವ ಚೀಟಿಯಲ್ಲಿ ಇರುತ್ತದೆ. ಆ ಚೀಟಿ ಓದುವವರು ಯಾರು!

ಇದಕ್ಕೊಂದು ಬಾಲ ಇದೆ. ಕೀಟೊಪ್ರೊಫೆನ್ ಒಗ್ಗದವರಲ್ಲಿ ಹಲವರಿಗೆ ಆಕ್ಟೋಕ್ರಿಲೀನ್ ಎಂಬ ಸನ್‌ಸ್ಕ್ರೀನ್ ಘಟಕವೂ ಒಗ್ಗುವುದಿಲ್ಲ. ಅವೊಬೆನ್ಜೋನ್ ಬಿಸಿಲಿಗೆ ಒಡೆದುಹೋಗದಂತೆ ಕಾಪಾಡಲು ಇದನ್ನು ಬಹಳ ಕ್ರೀಮ್‌ಗಳಲ್ಲಿ ಸೇರಿಸುತ್ತಾರೆ. ಸವಾರನ ಟ್ಯೂಬಿನ ಹಿಂದೆಯೂ ಅದರ ಹೆಸರಿತ್ತು. ಮಂಡಿಯ ಗುಳ್ಳೆಗಳ ಮೇಲೆ ‘ರಕ್ಷಣೆಗೆಂದು’ ಅದೇ ಕ್ರೀಮ್ ಹಚ್ಚಿದ್ದರೆ ಏನಾಗಬಹುದಿತ್ತು ಎಂದು ಯೋಚಿಸಿ. ಇಂಥ ಕಲೆಗೆ ಮನೆಮದ್ದು ಬೇಡ, ಚರ್ಮವೈದ್ಯರ ಬಳಿ ಜೆಲ್ ಮತ್ತು ಸನ್‌ಸ್ಕ್ರೀನ್ ಎರಡೂ ಟ್ಯೂಬ್ ತೆಗೆದುಕೊಂಡು ಹೋಗುವುದು ಸರಿ. ಡಾಕ್ಸಿಸೈಕ್ಲಿನ್‌ನಂಥ ಆಂಟಿಬಯಾಟಿಕ್, ರಕ್ತದೊತ್ತಡಕ್ಕೆ ಕೊಡುವ ಹೈಡ್ರೋಕ್ಲೋರೋಥಯಜೈಡ್ ಮಾತ್ರೆ ಇವೂ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮ ಮಾಡುತ್ತವೆ. ಮಾತ್ರೆಯಾದರೆ ಗುರುತು ಒಂದೇ ಜಾಗದಲ್ಲಿರದೆ ಬಿಸಿಲು ಬಿದ್ದಲ್ಲೆಲ್ಲ ಕಾಣುತ್ತದೆ.

ಬಲಗೈಯ ಗೆರೆಗಳಿಗೆ ಕಾರಣ ನಿಂಬೆಹಣ್ಣು. ಎರಡನೆಯ ನಿಲುಗಡೆಯಲ್ಲಿ ಗ್ಲೌಸ್ ತೆಗೆದು, ಬಾಟಲಿಗೆ ನಿಂಬೆ ಹಿಂಡಿದ. ರಸ ಹಿಂಗೈ ಮೇಲೆ ಇಳಿಯಿತು, ಪ್ಯಾಂಟಿಗೆ ಒರೆಸುವಂತೆ ಚಡ್ಡಿಗೆ ಒರೆಸಿ ಹೊರಟ. ಗ್ಲೌಸನ್ನು ಜೇಬಿಗೆ ಹಾಕಿದವನು ಅಲ್ಲೇ ಮರೆತ. ನಿಂಬೆಯ ರಸ, ಸಿಪ್ಪೆಯಲ್ಲಿರುವ ಕೆಲವು ವಸ್ತುಗಳು ಯುವಿ ತಾಗಿದಾಗ ಚರ್ಮವನ್ನು ನೇರವಾಗಿ ಸುಡುತ್ತವೆ. ಇದು ಅಲರ್ಜಿ ಅಲ್ಲ, ಯಾರಿಗಾದರೂ ಆಗುತ್ತದೆ. ಒಂದೆರಡು ದಿನಕ್ಕೆ ಗುಳ್ಳೆ, ಆಮೇಲೆ ತಿಂಗಳುಗಟ್ಟಲೆ ಉಳಿಯುವ ಕಂದು ಗೆರೆ. ಸಾಬೂನು ಹಾಕಿ ತೊಳೆದಿದ್ದರೆ ತಪ್ಪುತ್ತಿತ್ತು. ನಿಂಬೆಯನ್ನು ಮನೆಯಲ್ಲೇ ಹಿಂಡಿಕೊಂಡು ಹೊರಟಿದ್ದರೆ ಇನ್ನೂ ಸಲೀಸು.

ಆ ಸಂಜೆ ಮಾಡಬೇಕಿದ್ದದ್ದು

ತಣ್ಣೀರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆ, 10–15 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಮಂಜುಗಡ್ಡೆ ಬೇಡ. ಒದ್ದೆ ಇರುವಾಗಲೇ ಸುವಾಸನೆಯಿಲ್ಲದ ಮಾಯಿಶ್ಚರೈಸರ್. ನೀರು ಧಾರಾಳ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಗುಳ್ಳೆ ಒಡೆಯಬಾರದು, ಏಳುವ ಸಿಪ್ಪೆ ಕೀಳಬಾರದು. ಕೈಯಗಲ ಮೀರಿದ ಗುಳ್ಳೆ, ಜ್ವರ, ಚಳಿನಡುಕ, ವಾಂತಿ, ತಲೆಸುತ್ತು ಇದ್ದರೆ ಆಸ್ಪತ್ರೆ. ಮುಟ್ಟಿದರೆ ನೋಯುವಷ್ಟು ದಿನ ಆ ಚರ್ಮಕ್ಕೆ ಮತ್ತೆ ಬಿಸಿಲು ತೋರಿಸುವಂತಿಲ್ಲ.

ಬದಲಾಯಿಸಿದ್ದು

ಸವಾರನ ಮೊದಲ ಯೋಚನೆ ಎಸ್‌ಪಿಎಫ್ 100 ಕೊಳ್ಳುವುದಾಗಿತ್ತು. ಅದರಿಂದ ಲಾಭವಿಲ್ಲವೆಂದಲ್ಲ, ಒಳಗೆ ಇಳಿಯುವ ಕಿರಣ ಅರ್ಧವಾಗುತ್ತದೆ: 50 ಶೇ 98ರಷ್ಟು ತಡೆಯುತ್ತದೆ, 100 ಶೇ 99ರಷ್ಟು. ಆದರೆ ಕಾಲು ಭಾಗ ಹಚ್ಚುವ ಕೈ ಬದಲಾಗದಿದ್ದರೆ 100 ಕೂಡ 25ಕ್ಕೆ ಇಳಿಯುತ್ತದೆ, ಕ್ರೀಮ್ ತಾಗದ ಜಾಗಕ್ಕಂತೂ ಏನೂ ಸಿಗುವುದಿಲ್ಲ.

ಮೊದಲು ಹೊತ್ತು. ಅದೇ ಆರು ಗಂಟೆಯ ಸವಾರಿಯನ್ನು 5:00ರಿಂದ 11:00ಕ್ಕೆ ಸರಿಸಿದರೆ, ಸೂಚ್ಯಂಕದ ಮೊತ್ತ 52ರಿಂದ 20ಕ್ಕೆ ಇಳಿಯುತ್ತದೆ. 4,700 ಜೂಲ್ ಇದ್ದದ್ದು 1,800. ಏನೂ ಹಚ್ಚದೆ, ಏನೂ ಹೊದೆಯದೆ ಸಿಗುವ ಲಾಭ ಇದು. ಮುಂದೆ ಹಿಂದೆ ದೀಪ ಬೇಕು, ನಿದ್ದೆ ಕೆಡುತ್ತದೆ, ಅಷ್ಟೇ. ಆ 20ರಲ್ಲೂ 15 ಬರುವುದು ಕೊನೆಯ ಎರಡು ಗಂಟೆಗಳಿಂದ. ಆದ್ದರಿಂದ ಅರ್ಧ ಗಂಟೆ ತಡವಾದರೆ ಹೋಗಲಿ ಬಿಡು ಎನ್ನುವಂತಿಲ್ಲ.

ಆಮೇಲೆ ಬಟ್ಟೆ. ಯುಪಿಎಫ್ 50ರ ಆರ್ಮ್ ಸ್ಲೀವ್ (ತೋಳಿಗೆ ಏರಿಸಿಕೊಳ್ಳುವ ಬಿಡಿ ಬಟ್ಟೆ), ಕಾಲಿಗೆ ಅದೇ ಬಗೆಯ ಲೆಗ್ ಸ್ಲೀವ್ (ಮಂಡಿಯನ್ನು ಹೇಗೂ ಮುಚ್ಚಿಡಲೇಬೇಕಿತ್ತು), ಜಾಲರಿಯಿಲ್ಲದ, ಬೆನ್ನು ಉದ್ದವಿರುವ, ಕಾಲರ್ ಎತ್ತರದ ಜರ್ಸಿ, ಹಿಂಗೈ ಪೂರ್ತಿ ಮುಚ್ಚುವ ಗ್ಲೌಸ್. ಸೆಕೆಯಲ್ಲಿ ಮೈತುಂಬ ಬಟ್ಟೆ ಹೇಗೆ ಎಂಬ ಅಳುಕು ಸಹಜ. ತಿಳಿಬಣ್ಣದ ತೆಳು ಸ್ಲೀವ್ ಚರ್ಮದ ಮೇಲೆ ನೇರ ಬಿಸಿಲು ಬೀಳದಂತೆ ಮಾಡುತ್ತದೆ, ನೀರು ಚಿಮುಕಿಸಿಕೊಂಡರೆ ಗಾಳಿಗೆ ಆರುತ್ತಾ ತಂಪು ಕೊಡುತ್ತದೆ. ಒಣಹವೆಯಲ್ಲಿ ಇದು ಬರಿತೋಳಿಗಿಂತ ಹಾಯಾಗಿರುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದು ಏರುದಾರಿಯಲ್ಲಿ ನಿಧಾನ ತುಳಿಯುವಾಗ ಆ ಸುಖ ಇರುವುದಿಲ್ಲ, ಅದನ್ನು ಒಪ್ಪಬೇಕು. ಗಾಢ ಬಣ್ಣ ಯುವಿ ಹೆಚ್ಚು ತಡೆಯುತ್ತದೆ ಎಂಬುದು ನಿಜ, ಆದರೆ ಲೇಬಲ್ 50 ಎಂದಿದ್ದ ಮೇಲೆ ಬಿಸಿಲಲ್ಲಿ ಕಾಯುವ ಕಪ್ಪು ಬಟ್ಟೆ ಯಾಕೆ ಬೇಕು?

ಬಟ್ಟೆಯ ನಿಜವಾದ ಲಾಭ ಕಾಣುವುದು ಕ್ರೀಮಿನ ಲೆಕ್ಕದಲ್ಲಿ. 13 ಗ್ರಾಂ ಬೇಕಿದ್ದದ್ದು 2 ಗ್ರಾಂಗೆ ಇಳಿಯಿತು: ಮುಖ, ಕಿವಿ, ಕತ್ತು, ಬೆರಳುಗಳು. 13 ಗ್ರಾಂ ಜಿಡ್ಡನ್ನು ಬೆಳಗಿನ ಜಾವ ಮೈಗೆ ಬಳಿದುಕೊಂಡು, ಮತ್ತೆ ಎರಡು ಗಂಟೆಗೊಮ್ಮೆ ರಸ್ತೆಬದಿಯಲ್ಲಿ ಬೆವರಿನ ಮೇಲೆ ಬಳಿಯುವುದು ಯಾರಿಂದಲೂ ಆಗದ ಕೆಲಸ. 2 ಗ್ರಾಂ ಆದರೆ ಮಾಡಬಹುದು. ತೋರುಬೆರಳು, ನಡುಬೆರಳುಗಳ ಉದ್ದಕ್ಕೆ ಎರಡು ಗೆರೆ ಹಿಂಡಿದರೆ ಹೆಚ್ಚುಕಡಿಮೆ ಅಷ್ಟು.

ಹಚ್ಚುವ ಕ್ರಮವೂ ಬದಲಾಯಿತು. ಚರ್ಮ ಪೂರ್ತಿ ಒಣಗಿದ ಮೇಲೆ, ಜರ್ಸಿ ಹಾಕುವ ಮೊದಲೇ, ಬಟ್ಟೆಯ ಅಂಚು ಬರುವ ಜಾಗದಿಂದ ಎರಡು ಮೂರು ಬೆರಳಗಲ ಒಳಕ್ಕೂ ಹಚ್ಚಬೇಕು. ಅರ್ಧ ಪಾಲು ಮೊದಲು, ಹತ್ತು ನಿಮಿಷ ಬಿಟ್ಟು ಉಳಿದರ್ಧ. ಒಂದೇ ಸಲ ದಪ್ಪಗೆ ಬಳಿದರೆ ಉಂಡೆಗಟ್ಟಿ ಕೈಗೇ ಬರುತ್ತದೆ. ಹೆಲ್ಮೆಟ್ ಪಟ್ಟಿ ಕೂರುವ ಕೆನ್ನೆ, ಕಿವಿಯ ಹಿಂಬದಿ ಬಿಡಬಾರದು, ಪಟ್ಟಿ ಜರುಗುತ್ತಲೇ ಇರುತ್ತದೆ. 20 ನಿಮಿಷ ಆರಲು ಬಿಟ್ಟು ಬಟ್ಟೆ. ಕೊನೆಗೆ ಅಂಗೈಯನ್ನು ಒಣಬಟ್ಟೆಯಿಂದ ಚೆನ್ನಾಗಿ ಒರೆಸಬೇಕು. ಜಿಡ್ಡು ಕೈ ಬ್ರೇಕ್ ಲಿವರ್ ಮೇಲೆ ಜಾರುತ್ತದೆ. ತುಟಿಗೆ ಎಸ್‌ಪಿಎಫ್ ಇರುವ ಬಾಮ್, ಅದರಲ್ಲೂ ಕೆಳದುಟಿಗೆ. ನೀರು ಕುಡಿದಾಗಲೆಲ್ಲ ಅದು ಬಾಟಲಿಗೆ ಅಂಟಿ ಹೋಗುವುದರಿಂದ ಜೇಬಿನಲ್ಲೇ ಇರಲಿ. ಕಣ್ಣಿಗೆ ಬದಿಯನ್ನೂ ಮುಚ್ಚುವ, ಯುವಿ 400 (400 ನ್ಯಾನೊಮೀಟರ್ ತರಂಗಾಂತರದವರೆಗಿನ ಯುವಿ ತಡೆಯುವಂಥದ್ದು) ಎಂದಿರುವ ಕನ್ನಡಕ.

ಸ್ಪ್ರೇ ಸನ್‌ಸ್ಕ್ರೀನ್ ಅನುಕೂಲ ಎನ್ನುವವರಿಗೆ: ಡಿಸ್ಕ್ ಬ್ರೇಕ್ ಇರುವ ಸೈಕಲ್ಲಿನ ಪಕ್ಕ ನಿಂತು ಅದನ್ನು ಹೊಡೆದುಕೊಳ್ಳಬೇಡಿ. ಮಂಜಿನಂತೆ ಹಾರುವ ಎಣ್ಣೆ ರೋಟರ್ (ಬ್ರೇಕ್ ಹಿಡಿಯುವ ಲೋಹದ ತಟ್ಟೆ) ಮೇಲೆ ಕೂತರೆ ಬ್ರೇಕ್ ಕಿರುಚುತ್ತದೆ, ಹಿಡಿತ ಕಳೆದುಕೊಳ್ಳುತ್ತದೆ. ರೋಟರನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಬಹುದು. ಎಣ್ಣೆ ಕುಡಿದ ಪ್ಯಾಡ್‌ಗಳನ್ನು ಮಾತ್ರ ಬಹುಪಾಲು ಬದಲಾಯಿಸಬೇಕಾಗುತ್ತದೆ.

ದಾರಿಯಲ್ಲಿ ಮತ್ತೆ ಹಚ್ಚುವಾಗ ಬೆವರಿನ ಉಪ್ಪಿನ ಮೇಲೆಯೇ ಬಳಿದರೆ ಕ್ರೀಮ್ ಹಿಡಿಯುವುದಿಲ್ಲ, ಬಿಳಿ ಎಳೆ ಎಳೆಯಾಗಿ ಸುರುಳಿ ಏಳುತ್ತದೆ. ಎರಡು ಗುಟುಕಿನಷ್ಟು ನೀರಿನಲ್ಲಿ ಮುಖ ತೊಳೆದು, ಉಜ್ಜದೆ ಬಟ್ಟೆ ಒತ್ತಿ ಒಣಗಿಸಿ, ಎರಡು ನಿಮಿಷ ನೆರಳಲ್ಲಿ ನಿಂತು ಹಚ್ಚಬೇಕು. ಟ್ಯೂಬನ್ನು ಸೈಕಲ್ಲಿನ ಕಪ್ಪು ಚೀಲದಲ್ಲಿಟ್ಟರೆ ಬಿಸಿಲಿಗೆ ಕಾದು ಕ್ರೀಮ್ ಒಡೆಯುತ್ತದೆ: ನೀರು ಬೇರೆ, ಎಣ್ಣೆ ಬೇರೆ. ಹಾಗೆ ಒಡೆದದ್ದನ್ನು ಅಲುಗಾಡಿಸಿ ಬಳಸುವಂತಿಲ್ಲ, ಎಸೆಯಬೇಕು. ಜರ್ಸಿಯ ನಡುಜೇಬು ಅದಕ್ಕಿಂತ ತಂಪು. ತಿಳಿಬಣ್ಣದ ಜರ್ಸಿಯ ಕಾಲರಿನಲ್ಲಿ ಒಗೆದ ಮೇಲೆ ತುಕ್ಕಿನ ಬಣ್ಣದ ಕಲೆ ಕಂಡರೆ, ನೀರಿನಲ್ಲಿನ ಕಬ್ಬಿಣದ ಜೊತೆ ಅವೊಬೆನ್ಜೋನ್ ಸೇರಿ ಆದದ್ದು. ಜಿಂಕ್ ಕ್ರೀಮಿಗೆ ಆ ಗುಣವಿಲ್ಲ.

ಎರಡನೆಯ ಸವಾರಿ

ಚರ್ಮ ಪೂರ್ತಿ ಮಾಗಿದ ಮೇಲೆ ಅದೇ 110 ಕಿ.ಮೀ., 5:00ಕ್ಕೆ ಹೊರಟು 11:10ಕ್ಕೆ ವಾಪಸ್. ಕ್ರೀಮನ್ನು ಮನೆಯಲ್ಲೊಮ್ಮೆ, 8:00ಕ್ಕೆ ಮತ್ತು 9:45ಕ್ಕೆ ಒಂದೊಂದು ಸಲ ಹಚ್ಚಿದ್ದು. ತಕ್ಕಡಿಯ ಪ್ರಕಾರ ಟ್ಯೂಬ್ 5 ಗ್ರಾಂ ಹಗುರಾಗಿತ್ತು. ಆರು ಬರಬೇಕಿತ್ತು, ರಸ್ತೆಬದಿಯಲ್ಲಿ ಕೈ ತುಸು ಜಿಪುಣವಾಗಿದೆ. ಮುಖ, ಕೈ, ಸೊಂಟ, ಬೆನ್ನು ಎಲ್ಲ ಸ್ವಚ್ಛ. ಎಡ ಮಂಡಿಯ ಹಳೆ ಕಪ್ಪು, ಬಲಗೈಯ ನಿಂಬೆಗೆರೆ ಇದ್ದಲ್ಲೇ ಇದ್ದವು.

ಹೊಸದಾಗಿ ಕಂಡದ್ದು ಒಂದೇ: ಬಲಗೈ ರಟ್ಟೆಯಲ್ಲಿ ಎರಡು ಬೆರಳಗಲದ ಸುಟ್ಟ ಪಟ್ಟಿ. ಬಟ್ಟೆ ಹಿಗ್ಗಬಾರದು ಎಂದು ಸವಾರ ಒಂದು ಸೈಜ್ ದೊಡ್ಡ ಸ್ಲೀವ್ ಕೊಂಡಿದ್ದ. ಮೊಣಕೈ ಮಡಚಿ ಬಿಚ್ಚಿದಂತೆಲ್ಲ ಅದು ಕೆಳಕ್ಕೆ ಜಾರಿ ಜರ್ಸಿಯ ತೋಳಿನಿಂದ ಬೇರೆಯಾಗಿತ್ತು. ಬಿಗಿ ಸೈಜ್ ಕೊಂಡರೆ ರಟ್ಟೆಯ ಮೇಲೆ ಬಟ್ಟೆ ಹಿಗ್ಗುತ್ತದೆ, ಸಡಿಲವಾದರೆ ಜಾರುತ್ತದೆ. ಸರಿಯಾದ ದಾರಿ, ರಟ್ಟೆಯ ಸುತ್ತಳತೆಗೆ ಹೊಂದುವ ಸೈಜನ್ನೇ ಕೊಂಡು, ಒಳಬದಿಯ ಸಿಲಿಕಾನ್ ಪಟ್ಟಿ ಬರುವ ಜಾಗಕ್ಕೆ ಮಾತ್ರ ಕ್ರೀಮ್ ಹಚ್ಚದೆ (ಜಿಡ್ಡಿನ ಮೇಲೆ ಸಿಲಿಕಾನ್ ಹಿಡಿಯುವುದಿಲ್ಲ), ಜರ್ಸಿಯ ತೋಳು ಸ್ಲೀವಿನ ಮೇಲೆ 5 ಸೆಂಟಿಮೀಟರ್ ಹೊದ್ದುಕೊಳ್ಳುವಂತೆ ಹಾಕುವುದು. ಹಾಕಿಕೊಂಡ ಮೇಲೆ ಹ್ಯಾಂಡಲ್ ಹಿಡಿದ ಭಂಗಿಯಲ್ಲಿ ಮೊಣಕೈಯನ್ನು ಹತ್ತು ಸಲ ಮಡಚಿ ಬಿಚ್ಚಿ ನೋಡಬೇಕು. ಆಗಲೂ ಆ 5ರಲ್ಲಿ 3 ಉಳಿದಿದ್ದರೆ ಹೊರಡಬಹುದು.